ಅಪ್ಪನ ಜಾವಾ ಯಾಕೆ ಪದೇ ಪದೇ ಕಾಯ್ತಿತ್ತು? ಸ್ಟ್ರೋಬ್ ಲೈಟ್ ತೋರಿಸಿದ ಉತ್ತರ

ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ಲ? ಇವತ್ತಿನ ಮಾತು ಗಾಡಿದು. ನಮ್ಮ ಮನೆ ಗಾಡಿದು.

ನಮ್ಮದು ಮಹಾಲಿಂಗಪುರ. ಅಪ್ಪ ಮದುವೆಗೂ ಮುಂಚೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ ಜಾವಾ 250 ಒಂದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಶುರುವಾದ ಕಾರ್ಖಾನೆ, 1996ರಲ್ಲಿ ಮುಚ್ಚಿತು. ಕಿಕ್ಕೂ ಗೇರೂ ಒಂದೇ ಲಿವರ್‌ನಲ್ಲಿ ಇರ್ತಾವಲ್ಲ, ಅದೇ ಗಾಡಿ. ಬೆಲ್ಲದ ಪೇಟೆಗೆ ಅಪ್ಪ ಅದರ ಮೇಲೇ ಹೋಗಿ ಬರ್ತಿದ್ದ.

ಹೋದ ಬೇಸಿಗೆಯಲ್ಲಿ ಮುಧೋಳ ರಸ್ತೆಯಲ್ಲಿ ಅದು ನನ್ನ ಕೈಯಾಗ ನಿಂತುಬಿಡ್ತು. ಎರಡೂ ಕಡೆ ಕಬ್ಬು, ಮೇಲೆ ಬಿಸಿಲು, ಕೆಳಗೆ ಹಿಡ್ಕೊಂಡ ಪಿಸ್ಟನ್. ತಪ್ಪು ನನ್ನದೇ ಅಂದ್ಕೊಂಡೆ. ಯಾಕಂದ್ರ ಹಿಂದಿನ ವಾರ ಒಂದು ವಿಡಿಯೋ ನೋಡಿ ಟೈಮಿಂಗ್ ನಾನೇ ಮುಟ್ಟಿದ್ದೆ. ಕಿಡಿ ಸ್ವಲ್ಪ ಬೇಗ ಬಂದ್ರೆ ಎಳೆತ ಜಾಸ್ತಿ ಅಂತ ಕಿವಿಯಿಂದಲೇ ಕೇಳಿ, ಪ್ಲೇಟ್ ಸರಿಸಿ, ಸ್ಕ್ರೂ ಬಿಗಿದಿದ್ದೆ.

ಟೈಮಿಂಗ್ ಅಂದ್ರೇನು ಅಂತ ಚೂರು ಹೇಳ್ತೀನಿ. ಪಿಸ್ಟನ್ ಪೂರ್ತಿ ಮೇಲೆ ಬರೋಕೆ ಸ್ವಲ್ಪ ಮುಂಚೆನೇ ಪ್ಲಗ್ ಕಿಡಿ ಹಾರಿಸಬೇಕು, ಯಾಕಂದ್ರೆ ಪೆಟ್ರೋಲ್ ಉರಿದು ಒತ್ತಡ ಕಟ್ಟೋಕೆ ಟೈಮ್ ಬೇಕು. ಜಾವಾ ಇಂಜಿನ್‌ನ ಬೋರ್ 65, ಸ್ಟ್ರೋಕ್ 75 ಮಿ.ಮೀ. ಪಿಸ್ಟನ್ ಮೇಲಿನ ತುದಿಗೆ 3 ಮಿ.ಮೀ. ಆಸುಪಾಸು ಇರುವಾಗ ಕಿಡಿ ಬರಬೇಕು, ಅಂದ್ರೆ ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಸುಮಾರು 20 ಡಿಗ್ರಿ ಮುಂಚೆ. ನಿಮ್ಮ ಮಾಡೆಲ್‌ನ ಸರಿಯಾದ ಅಳತೆ ಕೈಪಿಡಿಯಲ್ಲೇ ನೋಡಿ, ನನ್ನ ಬಾಯಿಂದ ತಗೋಬೇಡಿ. ತೀರಾ ಬೇಗ ಬಂದ್ರೆ ಕಿಕ್ ವಾಪಸ್ ಒದೆಯುತ್ತೆ, ಇಂಜಿನ್ ಕಾಯುತ್ತೆ, ಪಿಸ್ಟನ್ ತಲೆಗೆ ತೂತು ಬೀಳಬಹುದು. ತಡ ಆದ್ರೆ ಎಳೆಯಲ್ಲ, ಸೈಲೆನ್ಸರ್ ಕೆಂಡದಂತಾಗುತ್ತೆ, ಪೆಟ್ರೋಲ್ ಕುಡಿಯುತ್ತೆ.

ಬನಹಟ್ಟಿಯಲ್ಲಿ ಒಬ್ಬ ಹಳೆ ಮೆಕ್ಯಾನಿಕ್ ಕಾಕಾ ಇದ್ದಾರೆ. ಹೊಸ ಪಿಸ್ಟನ್ ಹಾಕಿ, ಪಾಯಿಂಟ್ ಗ್ಯಾಪ್ 0.4 ಮಿ.ಮೀ.ಗೆ ಇಟ್ಟರು. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ. ಪ್ಲಗ್ ತೂತಿನಿಂದ ಗೇಜ್ ಇಳಿಸಿ 3 ಮಿ.ಮೀ. ಹಿಡಿದು, ಪಾಯಿಂಟ್ ನಡುವೆ ಸಿಗರೇಟಿನ ತೆಳು ಕಾಗದ ಇಟ್ಟು ಮೆಲ್ಲಗೆ ಎಳೆದರು. ಕಾಗದ ಸಡಿಲಾದ ಆ ಕ್ಷಣವೇ ಕಿಡಿಯ ಕ್ಷಣ. ಅದೇ ಜಾಗದಲ್ಲಿ ಆರ್ಮೇಚರ್ ಮೇಲೊಂದು, ಪಕ್ಕದ ಕೇಸಿಂಗ್ ಮೇಲೊಂದು ಬಿಳಿ ಗೆರೆ ಎಳೆದ್ವಿ. ನನ್ನ ತಂಗಿಯ ನೇಲ್ ಪಾಲಿಶ್, ಅವಳಿಗೆ ಇನ್ನೂ ಹೇಳಿಲ್ಲ.

ಇಷ್ಟಕ್ಕೇ ಎಲ್ಲರೂ ಬಿಡ್ತಾರೆ. ಆದ್ರೆ ಇದು ನಿಂತ ಇಂಜಿನ್‌ನ ಲೆಕ್ಕ. ಓಡುವಾಗ ಏನಾಗ್ತದೆ? ಅದಕ್ಕೇ ಸ್ಟ್ರೋಬ್ ಲೈಟ್. ಕಾರ್ ಗ್ಯಾರೇಜಿನವರು ಟೈಮಿಂಗ್ ಗನ್ ಅಂತಾರೆ, ಒಬ್ಬರ ಹತ್ರ ಕೇಳಿ ತಂದೆ. ಅದರ ಕ್ಲಾಂಪನ್ನು ಪ್ಲಗ್ ವೈರಿಗೆ ಕಚ್ಚಿಸಬೇಕು. ಕಿಡಿ ಹಾರಿದಾಗಲೆಲ್ಲ ಲೈಟ್ ಒಮ್ಮೆ ಮಿಂಚುತ್ತೆ. ಟೂ-ಸ್ಟ್ರೋಕ್ ಅಲ್ವಾ, ಪ್ರತಿ ಸುತ್ತಿಗೂ ಒಂದು ಕಿಡಿ. ಇಂಜಿನ್ 3000 ಆರ್‌ಪಿಎಂನಲ್ಲಿದ್ರೆ ಸೆಕೆಂಡಿಗೆ 50 ಮಿಂಚು. ಪ್ರತಿ ಮಿಂಚೂ ಗೆರೆ ಅದೇ ಜಾಗಕ್ಕೆ ಬಂದಾಗ ಬೀಳುವುದರಿಂದ, ಓಡುವ ಗೆರೆ ನಿಂತಂತೆ ಕಾಣುತ್ತೆ. ಸಿನಿಮಾದಲ್ಲಿ ಗಾಡಿ ಚಕ್ರ ನಿಂತಂಗೆ ಕಾಣ್ತದಲ್ಲ, ಹಂಗೇ.

ಒಂದು ತೊಡಕು: ಜಾವಾದ್ದು 6 ವೋಲ್ಟ್, ಗನ್ 12 ವೋಲ್ಟ್‌ನದು. ಟ್ರ್ಯಾಕ್ಟರ್ ಬ್ಯಾಟರಿಯನ್ನ ಪಕ್ಕದಲ್ಲಿಟ್ಟು ಗನ್ನಿಗೆ ಮಾತ್ರ ಕರೆಂಟ್ ಕೊಟ್ವಿ. ಇನ್ನೊಂದು, ಇದು ಖಂಡಿತ ನೆನಪಿರಲಿ: ಆರ್ಮೇಚರ್ ನಿಂತಂತೆ ಕಂಡರೂ ತಿರುಗ್ತಾನೇ ಇರುತ್ತೆ. ಬೆರಳು, ಟವೆಲ್, ತೋಳು ಹತ್ರ ಒಯ್ಯಬೇಡಿ. ಬಾಗಿಲು ಹಾಕಿದ ಶೆಡ್‌ನಲ್ಲಿ ಇಂಜಿನ್ ಚಾಲೂ ಮಾಡಬೇಡಿ.

ಸಂಜೆ ಮಬ್ಬಿನಲ್ಲಿ ಗಾಡಿ ಚಾಲೂ ಆಯ್ತು. ಲೈಟ್ ಹಿಡಿದೆ. ಆರ್ಮೇಚರ್ ಗೆರೆ ಕೇಸಿಂಗ್ ಗೆರೆ ತಲುಪುವ ಮೊದಲೇ ಕಂಡ್ರೆ ಕಿಡಿ ಬೇಗ, ದಾಟಿ ಕಂಡ್ರೆ ತಡ. ಪ್ಲೇಟನ್ನ ತಿರುಗುವ ದಿಕ್ಕಿಗೆ ಎದುರು ಸರಿಸಿದ್ರೆ ಬೇಗ, ಅದೇ ದಿಕ್ಕಿಗೆ ಸರಿಸಿದ್ರೆ ತಡ. ನನಗೆ ಎರಡೂ ಕಾಣಲಿಲ್ಲ. ಗೆರೆ ಕುಣೀತಿತ್ತು! ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ನಡುವೆ ಎರಡಾಗಿ ಒಡೆದಂಗೆ.

ಕಾಕಾ ಬಗ್ಗಿ ನೋಡಿ, "ಬಂದ್ ಮಾಡೋ ತಮ್ಮಾ" ಅಂದರು. ಆರ್ಮೇಚರ್ ಹಿಡಿದು ಮೇಲೆ-ಕೆಳಗೆ ಅಲುಗಾಡಿಸಿದರು. ಅಲುಗಾಡ್ತು. "ಬೇರಿಂಗ್ ಹೋಗೈತಿ. ಪಾಯಿಂಟ್ ಗ್ಯಾಪ್ ಸುತ್ತಿಗೊಂದು ಆಗಾಕತ್ತೈತಿ. ನೀ ಎಷ್ಟ ಪ್ಲೇಟ್ ಸರಿಸಿದ್ರೂ ಗೆರಿ ನಿಂದರಂಗಿಲ್ಲ."

ಕ್ರ್ಯಾಂಕಿನ ಬಲಗಡೆ ಬೇರಿಂಗ್ ಸವೆದಿತ್ತು. ಅದರ ಜೊತೆ ಆಯಿಲ್ ಸೀಲೂ ಹಾಳಾಗಿತ್ತು. ಟೂ-ಸ್ಟ್ರೋಕ್‌ನಲ್ಲಿ ಆ ಸೀಲ್ ಸೋರಿದ್ರೆ ಒಳಗೆ ಹೆಚ್ಚುವರಿ ಗಾಳಿ ನುಗ್ಗುತ್ತೆ, ಪೆಟ್ರೋಲೂ ಅದರೊಳಗಿನ ಆಯಿಲೂ ಕಡಿಮೆ ಬೀಳುತ್ತೆ, ಇಂಜಿನ್ ಕಾಯುತ್ತೆ. ನಾನು ಟೈಮಿಂಗ್ ಮುಟ್ಟುವ ಎಷ್ಟೋ ಮುಂಚಿನಿಂದ ಗಾಡಿ ಕಾಯ್ತಿದ್ದದ್ದು ಇದಕ್ಕೇ. ನಾನು ಅದರ ಮೇಲೆ ಇನ್ನಷ್ಟು ಉಪ್ಪು ಸುರಿದಿದ್ದೆ, ಅಷ್ಟೇ. ಬರೀ ಕಾಗದ ನಂಬಿ ಮನೆಗೆ ತಂದಿದ್ರೆ ಹೊಸ ಪಿಸ್ಟನ್ನೂ ಹೋಗ್ತಿತ್ತು.

ಇಂಜಿನ್ ಪೂರ್ತಿ ಬಿಚ್ಚಬೇಕು ಅಂದಾಗ ಅಪ್ಪ, "ಗುಜರಿಗೆ ಹಾಕು, ಸಾಕು" ಅಂದ. ಎರಡು ದಿನ ನಮ್ಮಿಬ್ಬರ ನಡುವೆ ಮಾತಿಲ್ಲ. ಮೂರನೇ ದಿನ ತಾನೇ ಕಾಕಾಗೆ ಫೋನ್ ಹಚ್ಚಿ ಬೇರಿಂಗ್ ಎಷ್ಟಾಗ್ತೈತಿ ಅಂತ ಕೇಳಿದ.

ಬೇರಿಂಗ್, ಸೀಲ್ ಎರಡೂ ಹೊಸದು ಹಾಕಿ ಮತ್ತೆ ಗ್ಯಾಪ್, ಮತ್ತೆ ಕಾಗದ, ಮತ್ತೆ ಲೈಟ್. ಗೆರೆ ನಿಂತಿತು, ಕೂದಲೆಳೆಯಷ್ಟು ತಡವಾಗಿ. ಪ್ಲೇಟ್ ಚೂರು ಸರಿಸಿ ಬಿಗಿದ್ವಿ. ಆಕ್ಸಿಲರೇಟರ್ ಏರಿಸಿದ್ರೂ ಅಲ್ಲೇ ಇತ್ತು. ಅಪ್ಪ ಗನ್ ಇಸ್ಕೊಂಡು ತಾನೂ ನೋಡಿದ, ಸುಮಾರು ಹೊತ್ತು. ಆಮೇಲೆ ಕವರ್ ಹಾಕೋಕೂ ಬಿಡದೆ, "ಸರಿ ಅತ್ಲಾಗ" ಅಂತ ನನ್ನನ್ನ ಸರಿಸಿ ಗಾಡಿ ಮೇಲೆ ಕೂತ.