ಸ್ವಂತ ನಾಡಿನಲ್ಲಿ ರಹದಾರಿ



ಆಫ್ರಿಕದ ನಮೀಬಿಯಾದಲ್ಲಿ ಆರೆಂಜ್ ನದಿ ಕಡಲು ಸೇರುವಲ್ಲಿ ಒರಾಂಜೆಮುಂಡ್ ಎಂಬ ಊರಿದೆ. 1936ರಲ್ಲಿ ವಜ್ರದ ಕಂಪನಿ ಕಟ್ಟಿದ ಊರು. ಮನೆ, ಅಂಗಡಿ, ಆಸ್ಪತ್ರೆ ಎಲ್ಲವೂ ಕಂಪನಿಯವೇ ಆಗಿದ್ದವು. ರಹದಾರಿಯಿಲ್ಲದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಉತ್ತರದ ಓವಾಂಬೊ ಸೀಮೆಯ ಕರಾರು ಕೂಲಿಗಳು ವಜ್ರ ತೆಗೆದರು. ಅವರ ಹೆಂಡಿರು ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ.

1990ರಲ್ಲಿ ದೇಶ ಸ್ವತಂತ್ರವಾಯಿತು. 1994ರಲ್ಲಿ ಗಣಿಯ ಅರ್ಧ ಪಾಲು ಸರಕಾರಕ್ಕೆ ಬಂತು. ಆದರೂ ರಹದಾರಿಯಿಲ್ಲದ ಪ್ರಜೆ 2017ರವರೆಗೆ ಗೇಟಿನ ಹೊರಗೇ ನಿಲ್ಲಬೇಕಾಯಿತು!

ವಜ್ರ ಕಳವಾದೀತೆಂಬುದು ಕಂಪನಿಯ ನೆಪ. ಗಣಿಗೆ ಬೇಲಿ ಹಾಕಲಿ, ಒಪ್ಪುತ್ತೇವೆ, ಬೀದಿಗೇಕೆ ಬೇಲಿ? ಬೀದಿಯೂ ಧಣಿಯದಾದರೆ ಕೂಲಿಗಾರ ಸಭೆ ಸೇರುವುದೆಲ್ಲಿ, ಸಣ್ಣ ವ್ಯಾಪಾರಿ ತಕ್ಕಡಿ ಹಿಡಿಯುವುದೆಲ್ಲಿ? ಬಾವುಟ ಬದಲಾದರೆ ಸಾಲದು, ಬೀಗದ ಕೈಯೂ ಜನರ ಕೈಗೆ ಬರಬೇಕೆಂದೇ ನಾವು ಹೇಳುವುದು.