ತೊಗಲಿನ ಸೀಟನ್ನು ಪಳಗಿಸುವುದು

ಹೊಸ ಜೋಡು ಕಚ್ಚಿದರೆ ನಾವು ಯಾರೂ ಅಚ್ಚರಿಪಡುವುದಿಲ್ಲ. ನಾಲ್ಕು ದಿನ ಮೆಟ್ಟಿದರೆ ಅದು ಕಾಲಿಗೆ ಒಗ್ಗುವುದೆಂದು ಬಲ್ಲೆವು. ಬೈಸಿಕಲ್ಲಿನ ತೊಗಲಿನ ಸೀಟಿನ ವಿಷಯದಲ್ಲಿ ಮಾತ್ರ ಈ ತಾಳ್ಮೆ ನಮ್ಮಲ್ಲಿ ಉಳಿಯುವುದಿಲ್ಲ.

1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆಗೆ ಹೊಸ ತಿಪ್ಪಸಂದ್ರವು ನೆರೆಯ ಬಡಾವಣೆ. ಅಲ್ಲಿಂದ ಹಲಸೂರಿಗೋ ಶಿವಾಜಿನಗರಕ್ಕೋ ದಿನವೂ ತುಳಿದು ಹೋಗುವವರಿಗೆ ಸೀಟೆಂಬುದು ಅಲ್ಪವಾದ ಸಂಗತಿಯಲ್ಲ. ಮೊದಲ ವಾರದ ನೋವಿಗೆ ಬೇಸತ್ತು ಬೈಸಿಕಲ್ಲನ್ನು ಗೋಡೆಗೆ ಒರಗಿಸಿಟ್ಟರೆ, ಹಣದೊಂದಿಗೆ ನಿತ್ಯದ ವ್ಯಾಯಾಮವೂ ನಷ್ಟವಾಗುವುದು.

ಇಂಥ ಸೀಟನ್ನು ಪ್ರಸಿದ್ಧಿಗೆ ತಂದವರಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಮುಖ್ಯನು. 1866ರಲ್ಲಿ ಕುದುರೆಯ ತೊಗಲು ಸಾಮಾನುಗಳ ವ್ಯಾಪಾರಕ್ಕೆ ತೊಡಗಿದ ಈತನು 1882ರಲ್ಲಿ ಬೈಸಿಕಲ್ ಸೀಟಿಗೆ ಪೇಟೆಂಟು ಪಡೆದನು. ಇದರ ರಚನೆ ಸರಳ. ತೊಗಟೆಯ ಒಗರಿನಿಂದ ಹದಮಾಡಿದ ದಪ್ಪ ತೊಗಲನ್ನು ಕಬ್ಬಿಣದ ಚೌಕಟ್ಟಿನ ಹಿಂದುಮುಂದಿನ ತುದಿಗಳಿಗೆ ರಿವೆಟ್ಟು ಹೊಡೆದು ಬಿಗಿದಿರುತ್ತಾರೆ. ನಮ್ಮ ಸೀಮೆಯ ಹದಗಾರರು ತಂಗಡಿಯ ತೊಗಟೆಯಿಂದ ಪಡೆಯುತ್ತಿದ್ದುದೂ ಇಂಥದೇ ಒಗರು. ತೊಗಲಿನ ಕೆಳಗೆ ಮೆತ್ತೆಯಿಲ್ಲ. ಅದು ಮಗುವಿನ ಜೋಲಿಯಂತೆ ತೂಗಿರುತ್ತದೆ. ಮೈಯ ಬಿಸಿಯೂ ಬೆವರೂ ಭಾರವೂ ಸೇರಿ ಅದರ ನಾರುಗಳನ್ನು ಸಡಿಲಿಸಿ, ಕೂರುವಾಗ ಭಾರ ಹೊರುವ ಎರಡು ಮೂಳೆಗಳ ಕೆಳಗೆ ಎರಡು ತಗ್ಗುಗಳನ್ನು ಮೂಡಿಸುತ್ತವೆ. ನೂರಾರು ಮೈಲಿ ತುಳಿದ ಮೇಲೆ ಸೀಟು ಸವಾರನ ಅಚ್ಚನ್ನೇ ತಾಳುವುದು. ಅತಿ ಮೆತ್ತನೆಯ ಸೀಟಾದರೋ ಆ ಮೂಳೆಗಳ ಕೆಳಗೆ ಕುಸಿದು, ನಡುವಿನ ಮೃದುಭಾಗವನ್ನು ಒತ್ತಿ ಜೋಮು ಹಿಡಿಸುವುದುಂಟು.

ಪಳಗಿಸುವವರು ಮೊದಲು ಸೀಟಿನ ಎತ್ತರವನ್ನೂ ಮಟ್ಟವನ್ನೂ ಸರಿಪಡಿಸಬೇಕು. ತೀರ ತಗ್ಗಿದ್ದರೆ ಕಾಲುಗಳು ಹೊರಬೇಕಾದ ಭಾರವೂ ಸೀಟಿನ ಮೇಲೆಯೇ ಬೀಳುವುದು. ಆಮೇಲೆ ಕೊಬ್ಬು, ಜೇನುಮೇಣಗಳನ್ನು ಬೆರೆಸಿದ ಲೇಪವನ್ನು ಮೇಲೂ ಕೆಳಗೂ ತೆಳ್ಳಗೆ ಸವರಿ ಒರೆಸಬೇಕು. ದಿನವೂ ಸ್ವಲ್ಪ ದೂರ ತುಳಿಯುವುದೇ ಲೇಸು. ಒಂದೇ ದಿನ ನಂದಿಬೆಟ್ಟಕ್ಕೆ ಹೊರಡುವುದು ಸಲ್ಲದು. ಅವಸರಕ್ಕೆ ತೊಗಲನ್ನು ಎಣ್ಣೆಯಲ್ಲಿ ನೆನೆಸುವವರಿದ್ದಾರೆ. ಬೇಗ ಮೆತ್ತಗಾಗುವುದೇನೋ ನಿಜ; ಆದರೆ ಹಾಗೆ ಸೋತ ತೊಗಲು ಜೋತುಬಿದ್ದು ಮತ್ತೆ ಬಿಗಿಗೆ ಬಾರದು. ಮೂಗಿನ ಕೆಳಗಿರುವ ತಿರುಪು ವರ್ಷಗಳ ತರುವಾಯದ ಸಡಿಲಿಕೆಗೆಂದು ಇರುವುದು. ಅದನ್ನು ಪದೇಪದೇ ಬಿಗಿದರೆ ರಿವೆಟ್ಟಿನ ಬಳಿ ತೊಗಲು ಸೀಳುವುದು.

ಬೆಂಗಳೂರಿನ ಸಂಜೆಯ ಮಳೆ ಇದಕ್ಕೆ ದೊಡ್ಡ ಶತ್ರು. ನಿಲ್ಲಿಸಿದಾಗ ಮೇಲೊಂದು ಹೊದಿಕೆಯಿರಲಿ. ಚಕ್ರದ ನೀರು ಅಡಿಯಿಂದ ಸಿಡಿಯದಂತೆ ಮಡ್‌ಗಾರ್ಡೂ ಇರಲಿ. ನೆನೆದ ಸೀಟಿನ ಮೇಲೆ ಕೂತರೆ ಅದರ ಆಕಾರ ಕೆಡುತ್ತದೆ. ಅದನ್ನು ಒಲೆಯ ಬಳಿಯಲ್ಲಿ ಇಡದೆ ನೆರಳಿನಲ್ಲಿ ಆರಿಸಬೇಕು.

ಹಾಗೆಂದು ಎಲ್ಲ ನೋವನ್ನೂ ಸಹಿಸಬೇಕೆಂದಲ್ಲ. ಮೂಳೆಯ ಮೇಲಿನ ನವೆನೋವು ದಿನದಿನಕ್ಕೆ ಇಳಿಯಬೇಕು. ಜೋಮೋ ಹುಣ್ಣೋ ಕಂಡುಬಂದರೆ ದೋಷವಿರುವುದು ಸೀಟಿನ ಅಗಲದಲ್ಲಿ ಇಲ್ಲವೆ ಜೋಡಣೆಯಲ್ಲಿ. ಅಲ್ಲಿ ತಾಳ್ಮೆಯು ಗುಣವಲ್ಲ. ಅಳತೆ ಸರಿಯಾಗಿದ್ದಲ್ಲಿ ಮಾತ್ರ ಕಾಯುವುದು ಸಾರ್ಥಕ. ಹೀಗೆ ಒಬ್ಬರಿಗೆ ಪಳಗಿದ ಸೀಟು ಇನ್ನೊಬ್ಬರಿಗೆ ಒಗ್ಗುವುದು ಅಪರೂಪ. ಆದುದರಿಂದ ಬೈಸಿಕಲ್ಲನ್ನು ಮಾರುವಾಗ ಬಲ್ಲವರು ಸೀಟನ್ನು ಬಿಚ್ಚಿ ತಮ್ಮಲ್ಲಿಯೇ ಇರಿಸಿಕೊಳ್ಳುತ್ತಾರೆ.