ಮಂದ್ರಕ್ಕೆ ಯಾಕೆ ಅಷ್ಟು ದೊಡ್ಡ ಪೆಟ್ಟಿಗೆ?

ವಾದ್ಯಗೋಷ್ಠಿಯ ವೇದಿಕೆಯಲ್ಲಿ ಉದ್ದ ಕತ್ತಿನ, ಸಾಮಾನ್ಯವಾಗಿ ನಾಲ್ಕೇ ತಂತಿಯ ಗಿಟಾರ್ ಹಿಡಿದು ನಿಂತವರನ್ನು ನೋಡಿದ್ದೀರಾ, ಮಕ್ಕಳೇ? ಅದು ಮಂದ್ರ, ಅಂದರೆ ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್. ನುಡಿಸುವವರ ಹಿಂದೆ ಒಂದು ಕಪ್ಪು ಪೆಟ್ಟಿಗೆ ಇರುತ್ತದೆ. ಕೆಲವು ಸಲ ಅದು ನಿಮ್ಮಷ್ಟೇ ಎತ್ತರ! ಪಕ್ಕದ ಮಾಮೂಲಿ ಗಿಟಾರಿಗೆ ಚಿಕ್ಕ ಪೆಟ್ಟಿಗೆ ಸಾಕು. ಹಾಗಾದರೆ ಇದಕ್ಕೆ ಮಾತ್ರ ಯಾಕೆ ಇಷ್ಟು ದೊಡ್ಡದು?

ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮಾಮೂಲಿ ಗಿಟಾರಿನ ದಪ್ಪ ತಂತಿಯದು ಸುಮಾರು 82. ಸಂಗೀತ ಕಲಿಯುವವರು ಇದನ್ನು ಒಂದು ಸ್ಥಾಯಿಯ ಅಂತರವೆಂದು ಥಟ್ಟನೆ ಹೇಳುತ್ತಾರೆ. ತಂತಿಯ ಕೆಳಗೆ ಪಿಕಪ್ ಇರುತ್ತದೆ: ಅಯಸ್ಕಾಂತ, ಅದರ ಸುತ್ತ ಬಲು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ಈ ವಿದ್ಯುತ್ತು ತೀರಾ ಸಣ್ಣದು. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವುದು ಆಂಪ್ಲಿಫೈಯರಿನ ಕೆಲಸ.

ನಿಜವಾದ ಕಷ್ಟ ಶುರುವಾಗುವುದು ಸ್ಪೀಕರಿನಲ್ಲಿ. ಅದರ ಕಾಗದದ ಬಟ್ಟಲು ಮುಂದಕ್ಕೂ ಹಿಂದಕ್ಕೂ ಆಡುತ್ತಾ ಗಾಳಿಯನ್ನು ತಳ್ಳುತ್ತದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಒತ್ತಡದ ಸದ್ದು ಹೊರಡಿಸಲು ಅದೇ ಬಟ್ಟಲು ನಾಲ್ಕು ಪಟ್ಟು ದೂರ ಆಡಬೇಕು! ಚಿಕ್ಕ ಸ್ಪೀಕರಿಗೆ ಅದು ಆಗದ ಮಾತು. ಆದ್ದರಿಂದ ಅಗಲವಾದ ಸ್ಪೀಕರ್ ಬೇಕು, ಇಲ್ಲವೇ ಹಲವು ಸ್ಪೀಕರುಗಳು ಒಟ್ಟಿಗೆ ದುಡಿಯಬೇಕು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಮರುವರ್ಷವೇ ಅದಕ್ಕೆಂದು 15 ಇಂಚಿನ ಸ್ಪೀಕರ್ ಇದ್ದ ‘ಬೇಸ್‌ಮನ್’ ಆಂಪ್ಲಿಫೈಯರನ್ನೂ ತಂದರು.

ಪೆಟ್ಟಿಗೆ ಬರೀ ಹೊದಿಕೆಯಲ್ಲ. ಬಟ್ಟಲು ಮುಂದೆ ಗಾಳಿಯನ್ನು ಒತ್ತುವಾಗ ಹಿಂದೆ ಗಾಳಿ ಸಡಿಲವಾಗುತ್ತದೆ. ಹಿಂಬದಿಯ ಅಲೆ ಸುತ್ತಿ ಬಂದು ಮುಂಬದಿಯದನ್ನು ಸೇರಿದರೆ ಒಂದನ್ನೊಂದು ಅಳಿಸಿಬಿಡುತ್ತವೆ, ಮಂದ್ರವೇ ಮಾಯ. ಪೆಟ್ಟಿಗೆ ಅದನ್ನು ತಡೆಯುತ್ತದೆ.

ಈಗ ಆಂಪ್ಲಿಫೈಯರನ್ನು ಹಚ್ಚೋಣ, ಮನೆಯ ದೊಡ್ಡವರನ್ನು ಜೊತೆಗಿಟ್ಟುಕೊಂಡು. ಮೊದಲು ವಾಲ್ಯೂಮ್ ಸೊನ್ನೆಗೆ. ಆಮೇಲೆ ಗಿಟಾರಿನ ಕೇಬಲ್ ಸಿಕ್ಕಿಸಿ, ಕೊನೆಗೆ ಸ್ವಿಚ್ ಹಾಕಿ. ಈ ಕ್ರಮ ತಪ್ಪಿದರೆ ‘ಢಬ್’ ಎಂಬ ಸದ್ದು ಕಿವಿಗೂ ಸ್ಪೀಕರಿಗೂ ಬಡಿಯುತ್ತದೆ. ಬೇಸ್, ಮಿಡ್, ಟ್ರೆಬಲ್ ಮೂರೂ ಗುಂಡಿಗಳು ನಡುವಿನಲ್ಲಿರಲಿ. ಗೇನ್ ಎಂಬ ಗುಂಡಿ ಗಿಟಾರಿನಿಂದ ಬಂದ ಸಂಕೇತವನ್ನು ಆರಂಭದಲ್ಲೇ ಎಷ್ಟು ಹಿಗ್ಗಿಸಬೇಕೆಂದು ತೀರ್ಮಾನಿಸುತ್ತದೆ. ಜೋರಾಗಿ ಮೀಟಿದಾಗ ಕೆಂಪು ದೀಪ ಮಿನುಗಿದರೆ ಸ್ವಲ್ಪ ಇಳಿಸಿ. ಆಮೇಲೆ ವಾಲ್ಯೂಮನ್ನು ಮೆಲ್ಲಗೆ ಏರಿಸಿ.

ಹೊಸಬರು ಬಹಳ ಮಂದಿ ಬೇಸ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಕಾರಣವಿದೆ: ನಮ್ಮ ಕಿವಿ ಮೆಲುವಾದ ಮಂದ್ರ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ. ಆದರೆ ಹಾಗೆ ತಿರುಗಿಸಿದರೆ ಕೋಣೆಯೆಲ್ಲ ಗುಂಯ್‌ಗುಡುತ್ತದೆ, ಯಾವ ಸ್ವರವೆಂದೇ ತಿಳಿಯುವುದಿಲ್ಲ. ನನ್ನ ಮಾತು ಕೇಳಿ, ಮೊದಲು ಮಿಡ್ ಗುಂಡಿಯನ್ನು ತುಸು ಏರಿಸಿ ನೋಡಿ. ತಂತಿ 41ರ ಜೊತೆಗೆ 82, 123, 164 ಹೀಗೆ ಮೇಲಿನ ಕಂಪನಗಳನ್ನೂ ಹೊರಡಿಸುತ್ತದೆ. ಮಿಡ್ ಗುಂಡಿ ಮೇಲಿನ ಕಂಪನಗಳನ್ನು ಎತ್ತಿಕೊಡುತ್ತದೆ. ಅವುಗಳನ್ನು ಕೇಳಿದ ಮಿದುಳು ಕೆಳಗಿನ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ! ಮೊಬೈಲಿನ ಪುಟ್ಟ ಸ್ಪೀಕರ್ 41 ಕಂಪನದ ಸದ್ದನ್ನು ಹೊರಡಿಸಲಾರದು. ಆದರೂ ಅದರಲ್ಲಿ ಬೇಸ್ ಗಿಟಾರಿನ ಓಟ ನಮಗೆ ಗೊತ್ತಾಗುವುದು ಹೀಗೆಯೇ. ವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು.

ಇನ್ನು ಜಾಗದ ವಿಷಯ. ಗಾಳಿಯಲ್ಲಿ 41 ಕಂಪನದ ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು, ಎಷ್ಟೋ ಕೋಣೆಗಳಿಗಿಂತ ಉದ್ದ! ಅದು ಗೋಡೆಗಳಿಗೆ ಬಡಿದು ಮರಳುತ್ತದೆ. ಆಂಪ್ಲಿಫೈಯರನ್ನು ಮೂಲೆಯಲ್ಲಿಟ್ಟರೆ ಮಂದ್ರ ಉಬ್ಬುತ್ತದೆ. ಗೋಡೆಯಿಂದ ದೂರ ಸರಿಸಿದರೆ ತಗ್ಗುತ್ತದೆ. ಯಾರಿಗಾದರೂ ಒಂದೇ ಸ್ವರವನ್ನು ಮತ್ತೆಮತ್ತೆ ಮೀಟಲು ಹೇಳಿ, ನೀವು ಕೋಣೆಯಲ್ಲಿ ನಿಧಾನವಾಗಿ ನಡೆಯಿರಿ. ಒಂದೆಡೆ ಸದ್ದು ತುಂಬಿಕೊಳ್ಳುತ್ತದೆ, ಕೆಲವು ಹೆಜ್ಜೆ ಆಚೆ ಸೊರಗುತ್ತದೆ. ಅದಕ್ಕೇ ಅನುಭವಸ್ಥರು ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಗುಂಡಿಗಳನ್ನು ತೀರ್ಮಾನಿಸುವುದಿಲ್ಲ. ಉದ್ದನೆಯ ಕೇಬಲ್ ಹಾಕಿಕೊಂಡು ಕೇಳುಗರು ಕೂರುವ ಜಾಗಕ್ಕೆ ಹೋಗಿ, ಅಲ್ಲಿ ನುಡಿಸಿ ಕೇಳಿ, ಮರಳಿ ಬಂದು ತಿರುಗಿಸುತ್ತಾರೆ.